ಚೋಮನ ಮೈಮೇಲಿನ ಬಟ್ಟೆ

ನಾವು ಕೇರಿಯಿಂದ ಹೋಗಿ ಪೇಟೆಯಲ್ಲಿ ಉಡುಪಿನ ವಿನ್ಯಾಸ ಕಲಿತ ಮೂವರು ಹುಡುಗಿಯರು. ಮನೆಯಲ್ಲಿ ಇವತ್ತಿಗೂ ಅದಕ್ಕೆ ಟೇಲರಿಂಗು ಅಂತಲೇ ಹೆಸರು. ಒಂದು ದಿನ ಕ್ಲಾಸಿನಲ್ಲಿ ಹೇಳಿದರು: ಹಿಂದಿನ ಕಾಲದ ಕತೆಯಿರೋ ಒಂದು ಸಿನಿಮಾ ನೋಡಿ, ಅದರ ಉಡುಪಿನಿಂದ ಸ್ಫೂರ್ತಿ ಪಡೆದು ಐದು ಸ್ಕೆಚ್ ಮಾಡಿಕೊಂಡು ಬನ್ನಿ.

ಕ್ಲಾಸಿನ ಮುಕ್ಕಾಲು ಪಾಲು 1960ರ 'ಮೊಘಲ್-ಎ-ಆಜಂ' ಹಿಡಿಯಿತು. ಸುಳ್ಳು ಯಾಕೆ, ಅನಾರ್ಕಲಿಯ ಘೇರು ನೋಡಿ ನಮ್ಮ ಪೆನ್ಸಿಲ್ಲೂ ಕುಣಿಯಿತು. ಆ ಬಟ್ಟೆಗಳನ್ನು ದೆಹಲಿಯ ದರ್ಜಿಗಳು ಹೊಲಿದರಂತೆ, ಸೂರತ್ತಿನವರು ಕಸೂತಿ ಹಾಕಿದರಂತೆ. ಆ ಕೈಗಳು ನಮ್ಮಂಥವರವೇ. ಆದರೆ ಆ ಬಟ್ಟೆ ತೊಟ್ಟ ಮೈ ನಮ್ಮದಲ್ಲ. ಹಿಂದಿನ ಕಾಲ ಅಂದರೆ ಅರಮನೆ ಒಂದೇನಾ ಅನ್ನಿಸಿತು.

ಆಗ 'ಚೋಮನ ದುಡಿ' ನೋಡಿದೆವು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾ. ಉಳಲು ತುಂಡು ನೆಲ ಬೇಡಿ, ಹೊಲೆಯನಾದ್ದರಿಂದ ಅದು ಸಿಗದೆ ಸತ್ತ ಚೋಮ. ಬರಿ ಮೈ, ಸೊಂಟಕ್ಕೊಂದು ತುಂಡು, ಜತೆಗೆ ದುಡಿ.

ಬರೆಯಲು ಕೂತರೆ ಕಷ್ಟ. ಮನುಷ್ಯನ ಮೈ ಸುಮಾರು ಏಳೂವರೆ ತಲೆಯಷ್ಟು ಎತ್ತರ. ಫ್ಯಾಷನ್ ಸ್ಕೆಚ್ಚಿನಲ್ಲಿ ಅದನ್ನು ಒಂಬತ್ತು ತಲೆಗೆ ಎಳೀತಾರೆ, ಕಾಲು ಉದ್ದವಾಗಿ ಬಟ್ಟೆ ಚೆಂದ ಇಳಿಯಲಿ ಅಂತ. ಚೋಮನನ್ನು ಎಷ್ಟು ಎಳೆದರೂ ಒಂಬತ್ತಕ್ಕೆ ಬರಲಿಲ್ಲ. ಬಗ್ಗಿದ ಬೆನ್ನು ಬಗ್ಗಿಯೇ ಇತ್ತು. ಹಾಗೇ ಕೊಟ್ಟೆವು. "ಇದರಲ್ಲಿ ಉಡುಪೆಲ್ಲಿದೆ?" ಅಂದರು. ಕ್ಲಾಸು ನಕ್ಕಿತು. ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಹಟ್ಟಿಯಲ್ಲಿತ್ತು. ಅಜ್ಜಿಯ ಸೀರೆ ಯಾಕೆ ಮೊಣಕಾಲಿಗೇ ನಿಲ್ಲುತ್ತೆ ಅಂತ ಕೇಳಿದೆವು. ಕೆಸರಲ್ಲಿ ನಾಟಿ ಹಾಕೋರಿಗೆ ಅದೇ ಸುಲಭ ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಗೇಣು ಇಳಿಸಿದ್ರೆ ಜಗಲಿ ಮೇಲೆ ಕುಂತೋರು ಬಿಡ್ತಿದ್ರಾ? ಯಾವ ಅರಮನೆಗೆ ಹೊಂಟಿದೀಯೆ ಅನ್ನೋರು" ಅಂದ್ಲು. ಅಳತೆಯ ಟೇಪು ದರ್ಜಿಯ ಕೈಯಲ್ಲಿರಲಿಲ್ಲ ಗೆಳೆಯರೆ, ಊರಿನ ಕೈಯಲ್ಲಿತ್ತು.

1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ್ದು ಇದನ್ನೇ: ಜಾತಿಯ ಗುರುತಾದ ಉಡಿಗೆ ಬಿಡಿ, ಭಾರದ ಒಡವೆ ಬಿಡಿ, ಸೀರೆಯನ್ನು ಕಾಲು ಮುಚ್ಚುವಂತೆ ಉಡಿ. ಅಲ್ಲಿದ್ದ ಹೆಂಗಸರು ಉಡುವ ರೀತಿಯನ್ನೇ ಬದಲಿಸಿದರು. ಬಟ್ಟೆ ಇಳಿಸೋದೂ ಕೆರೆಯ ನೀರು ಮುಟ್ಟೋದೂ ಒಂದೇ ಹೋರಾಟವಾಗಿತ್ತು.

ಮತ್ತೆ ಬರೆದೆವು. ಸಿನಿಮಾದ ಕಪ್ಪು-ಬಿಳುಪಿನಿಂದ ಕಂಬಳಿಯ ಬಣ್ಣ ತಗೊಂಡೆವು, ದುಡಿಯ ಹುರಿಯಿಂದ ಅಂಚಿನ ಹೆಣಿಗೆ. ಹರಕನ್ನು ಮಾತ್ರ ತಗೊಳ್ಳಲಿಲ್ಲ. ಬಡತನವನ್ನು ಫ್ಯಾಷನ್ ಮಾಡಿ ಮಾರೋರು ಬೇರೆ ಇದ್ದಾರೆ. ಏಳೂವರೆ ತಲೆಯ ಹೆಂಗಸು, ಉಟ್ಟೋಳೇ ಏರಿಸಿ ಇಳಿಸಿ ಕಟ್ಟಿಕೊಳ್ಳೋ ಅಂಚು, ಬಲಗಡೆ ದೊಡ್ಡ ಜೇಬು.

ಮಾರ್ಕ್ಸು ಹೆಚ್ಚಾಗಲಿಲ್ಲ. ಹಾಳೆಗಳನ್ನು ಅಜ್ಜಿಗೆ ತೋರಿಸಿದೆವು. ಜೇಬಿನ ಮೇಲೆ ಬೆರಳಿಟ್ಟು, "ಇದ್ರಾಗೆ ಏನಿಕ್ಕೋದು?" ಅಂದ್ಲು.

"ನಿನ್ನ ಕೂಲಿ ದುಡ್ಡು."

"ಹಂಗಾದ್ರೆ ನಂಗೇ ಮೊದ್ಲು ಹೊಲ್ಕೊಡ್ರವ್ವ" ಅಂದ್ಲು.