ಬಸ್ ಅಂದರೆ ಕೂರುವ ನಾಯಿ

ಮೋತಿ ನಮ್ಮ ಮನೆಗೆ ಬಂದದ್ದು ಮಹಾರಾಷ್ಟ್ರದ ಕಾಗಲದಿಂದ. ಅಲ್ಲಿ ಅಕ್ಕನ ಮನೆಯಲ್ಲಿ ಎರಡು ವರ್ಷ ಬೆಳೆದ ನಾಯಿ. ಅವರು ಪುಣೆಯ ಫ್ಲ್ಯಾಟಿಗೆ ಹೊರಟಾಗ ನಾಯಿಗೆ ಅಲ್ಲಿ ಜಾಗವಿರಲಿಲ್ಲ, ನಿಪ್ಪಾಣಿಗೆ ಕರೆತಂದೆ. ಹೆದ್ದಾರಿಯಲ್ಲಿ ಅರ್ಧ ತಾಸಿನ ದಾರಿ, ನಡುವೆ ಕೊಗನೊಳ್ಳಿ ಹತ್ತಿರ ರಾಜ್ಯ ಬದಲಾಗುತ್ತದೆ. ಮೋತಿ ಇಡೀ ದಾರಿ ನನ್ನ ಕಾಲ ಹತ್ತಿರ ಮಲಗಿತ್ತು. ಬದಲಾದದ್ದು ಏನು ಅಂತ ಅದಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ.

ಅವ್ವ ಬಿಸಿ ರೊಟ್ಟಿಯ ತುಂಡು ಹಿಡಿದು ‘ಕುಂದ್ರು’ ಅಂದಳು. ಮೋತಿ ಅವಳ ಮುಖ ನೋಡಿತು, ಕೈ ನೋಡಿತು, ಮತ್ತೆ ಮುಖ ನೋಡಿತು. ಬಾಲ ಅರ್ಧ ಅಲ್ಲಾಡಿ ನಿಂತಿತು. ‘ಕುಂದ್ರಲೇ’ ಅಂತ ಅವ್ವ ಜೋರು ಮಾಡಿದಾಗ ಎರಡು ಹೆಜ್ಜೆ ಹಿಂದೆ ಸರಿಯಿತು. ಹಾಲು ತಗೊಳ್ಳಲು ಬಂದಿದ್ದ ಪಕ್ಕದ ಮನೆಯ ಆಜಿ ಬಾಗಿಲಲ್ಲೇ ನಿಂತು ‘ಬಸ್, ಮೋತಿ, ಬಸ್’ ಅಂದರು. ನಾಯಿ ತಟ್ಟನೆ ಕೂತಿತು. ಇಷ್ಟು ಹೊತ್ತು ಇದನ್ನು ಯಾಕೆ ಹೇಳಲಿಲ್ಲ ಅನ್ನುವಂತೆ ಅವ್ವನ ಕಡೆ ತಿರುಗಿತು. ಮರಾಠಿಯಲ್ಲಿ ಬಸ್ ಅಂದರೆ ಕುಳಿತುಕೋ.

ಮುಂದೆ ಹಲವು ವಾರ ನಮ್ಮ ಮನೆಯಲ್ಲಿ ಯಾರಾದರೂ ‘ಬಸ್ ಬಂತು’ ಅಂದರೆ ಸಾಕು, ಮೋತಿ ಇದ್ದಲ್ಲೇ ಕೂರುತ್ತಿತ್ತು. ಮಕ್ಕಳಿಗೆ ಅದೊಂದು ಆಟವಾಯಿತು. ಆಮೇಲೆ ಯಾವಾಗಲೋ ಅದು ನಿಂತುಹೋಯಿತು. ಈಗ ‘ಬಸ್ ಬಂತು’ ಅಂದರೆ ಕಿವಿಯನ್ನೂ ಎತ್ತುವುದಿಲ್ಲ, ‘ಬಸ್’ ಅಂತ ಅದನ್ನೇ ನೋಡಿ ಅಂದರೆ ಕೂರುತ್ತದೆ, ‘ಕುಂದ್ರು’ ಅಂದರೂ ಕೂರುತ್ತದೆ. ಒಂದೇ ಸದ್ದು ಯಾವಾಗ ತನಗೆ, ಯಾವಾಗ ಮಂದಿಗೆ ಅನ್ನುವುದನ್ನು ಅದು ಬೇರೆ ಮಾಡಿಕೊಂಡಿದೆ. ಹಾಗಾದರೆ ಅದಕ್ಕೆ ನಮ್ಮ ಮಾತು ತಿಳಿಯುತ್ತದೆಯೇ? ನಮ್ಮ ಓಣಿಯಲ್ಲಿ ಕೇಳಿದರೆ ‘ಎಲ್ಲಾ ತಿಳೀತೈತ್ರಿ, ಮಾತು ಒಂದ್ ಬರೂದಿಲ್ಲ’ ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ.

ಈ ನಂಬಿಕೆಯನ್ನು ನಾನು ಅನುಮಾನಿಸಿದ್ದು ಬರ್ಲಿನ್ನಿನ ಒಂದು ಕುದುರೆಯ ಕಥೆ ಓದಿದ ಮೇಲೆ. ಅದರ ಹೆಸರು ಹಾನ್ಸ್. ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕ ಅದಕ್ಕೆ ಲೆಕ್ಕ ಕಲಿಸಿದ್ದ. ಕೂಡಿಸು, ಕಳೆ ಅಂದರೆ ಗೊರಸಿನಿಂದ ನೆಲ ತಟ್ಟಿ ಸರಿಯಾದ ಉತ್ತರ ಕೊಡುತ್ತಿತ್ತು. ಜನ ಮುಗಿಬಿದ್ದು ನೋಡಿದರು. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರ ಹೊತ್ತಿಗೆ ಗುಟ್ಟು ಬಿಡಿಸಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರಲಿಲ್ಲ. ಕೇಳುವವನು ಕಾಣದಿದ್ದರೂ ಅಷ್ಟೇ. ಸರಿಯಾದ ಎಣಿಕೆ ಬಂದ ಕೂಡಲೇ ಮನುಷ್ಯನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಮೋಸ ಯಾರದ್ದೂ ಇರಲಿಲ್ಲ. ಯಜಮಾನನಿಗೂ ತನ್ನ ತಲೆ ಅಲುಗುತ್ತಿದೆ ಅಂತ ಗೊತ್ತಿರಲಿಲ್ಲ. ಕುದುರೆ ಲೆಕ್ಕ ಕಲಿತಿರಲಿಲ್ಲ, ಮನುಷ್ಯನನ್ನು ಓದಲು ಕಲಿತಿತ್ತು.

ಆ ಸಂಜೆ ನಾನು ಅಡುಗೆ ಮನೆಯ ಬಾಗಿಲ ಹಿಂದೆ ನಿಂತೆ. ಮೋತಿಗೆ ನಾನು ಕಾಣುತ್ತಿರಲಿಲ್ಲ, ಬಾಗಿಲ ಸಂದಿನಿಂದ ಅದರ ಎಡಗಿವಿ ಮಾತ್ರ ನನಗೆ ಕಾಣುತ್ತಿತ್ತು. ಪತ್ರಿಕೆ ಓದುವ ದನಿಯಲ್ಲಿ, ಏರಿಳಿತವಿಲ್ಲದೆ, ‘ಪಟ್ಟಿ’ ಅಂದೆ. ಕಿವಿ ಒಮ್ಮೆ ನಿಮಿರಿ ಮತ್ತೆ ಬಿತ್ತು. ‘ಹೊಟ್ಟಿ’ ಅಂದೆ. ಕಿವಿ ನಿಮಿರಿ ಸ್ವಲ್ಪ ಹೊತ್ತು ಹಾಗೇ ನಿಂತಿತು, ಬೀಳಲೋ ಬೇಡವೋ ಅನ್ನುವಂತೆ. ‘ರೊಟ್ಟಿ’ ಅಂದೆ. ಎದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ರೊಟ್ಟಿಗೆ ಮರಾಠಿಯಲ್ಲಿ ಅನ್ನುವ ‘ಭಾಕರಿ’ ಅಂದಾಗ ನೇರ ಬಾಗಿಲಿಗೇ ಬಂತು. ಇದು ಒಂದು ಮನೆಯ ಒಂದು ನಾಯಿಯ ಮಾತು, ಶಾಸ್ತ್ರವಲ್ಲ. ಆದರೆ ಮುಖ, ಕೈ, ದನಿ ಮೂರನ್ನೂ ತೆಗೆದ ಮೇಲೂ ಏನೋ ಉಳಿಯುತ್ತದೆ ಅಂತ ನನಗೆ ಅವತ್ತು ಖಾತ್ರಿಯಾಯಿತು. ಉಳಿದದ್ದು ಪದ.

ಪದ ಎಷ್ಟರ ಮಟ್ಟಿಗೆ ಉಳಿಯಬಲ್ಲದು ಅನ್ನುವುದಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾದ ಚೇಸರ್ ಸಾಕ್ಷಿ. ಬಾರ್ಡರ್ ಕೋಲಿ ಜಾತಿಯ ಹೆಣ್ಣು ನಾಯಿ. ಜಾನ್ ಪಿಲ್ಲಿ ಎಂಬ ನಿವೃತ್ತ ಪ್ರಾಧ್ಯಾಪಕರು ದಿನಕ್ಕೆ ನಾಲ್ಕೈದು ತಾಸಿನಂತೆ ಮೂರು ವರ್ಷ ಕೂತು ಅದಕ್ಕೆ 1,022 ಆಟಿಕೆಗಳ ಹೆಸರು ಕಲಿಸಿದರು. ಅಷ್ಟು ತಾಳ್ಮೆ ನಮ್ಮಲ್ಲಿ ಮಕ್ಕಳಿಗೂ ಸಿಗುವುದಿಲ್ಲ.

ಬುಡಾಪೆಸ್ಟಿನ ವಿಜ್ಞಾನಿಗಳು ಇನ್ನೂ ಒಳಗೆ ಹೋಗಿ ನೋಡಿದರು. ಅಲುಗಾಡದೆ ಮಲಗಲು ನಾಯಿಗಳಿಗೆ ತರಬೇತಿ ಕೊಟ್ಟು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಆಟಿಲಾ ಆಂಡಿಚ್ ಅವರ ತಂಡದ 2016ರ ಅಧ್ಯಯನದಲ್ಲಿ 13 ನಾಯಿಗಳಿದ್ದವು. ಹೊಗಳಿಕೆಯ ಮಾತನ್ನು ಹೊಗಳುವ ದನಿಯಲ್ಲಿ ಕೇಳಿಸಿದರು, ಸಪ್ಪೆ ದನಿಯಲ್ಲೂ ಕೇಳಿಸಿದರು. ಹಾಗೇ ನಾಯಿಗೆ ಅರ್ಥವಿಲ್ಲದ ಮಾತನ್ನು ಹೊಗಳುವ ದನಿಯಲ್ಲಿ. ಮಿದುಳಿನಲ್ಲಿ ಸಂತೋಷದ ಜಾಗ ಚುರುಕಾದದ್ದು ಪದ ಮತ್ತು ದನಿ ಎರಡೂ ಹೊಂದಿದಾಗ ಮಾತ್ರ. ಬರೀ ಮುದ್ದಿನ ದನಿಯಲ್ಲಿ ಏನಾದರೂ ಅಂದರೆ ಆಯಿತು ಅನ್ನುವವರು ಇದನ್ನು ಗಮನಿಸಬೇಕು.

ಗಡಿನಾಡಿನವನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿಯದೇ ಇನ್ನೊಂದು ಅಧ್ಯಯನ. ಲಾರಾ ಕ್ವಾಯಾ ಎಂಬ ಸಂಶೋಧಕಿ ಮೆಕ್ಸಿಕೊದಿಂದ ಬುಡಾಪೆಸ್ಟಿಗೆ ಬರುವಾಗ ಕುನ್‌ಕುನ್ ಎಂಬ ತನ್ನ ನಾಯಿಯನ್ನೂ ಕರೆತಂದರು. ಅಲ್ಲಿಯವರೆಗೆ ಕುನ್‌ಕುನ್ ಜೊತೆ ಅವರು ಆಡಿದ್ದು ಸ್ಪ್ಯಾನಿಷ್. ಹೊಸ ಊರಲ್ಲಿ ಸುತ್ತಲೂ ಹಂಗೇರಿಯನ್. ಸುತ್ತಲಿನ ಮಾತು ಬೇರೆ ಅಂತ ನಾಯಿಗೆ ಗೊತ್ತಾಗುತ್ತಿದೆಯೇ ಅನ್ನುವ ಪ್ರಶ್ನೆ ಅವರಿಗೆ ಹುಟ್ಟಿತು. ಕುನ್‌ಕುನ್ ಸೇರಿ 18 ನಾಯಿಗಳಿಗೆ ‘ದಿ ಲಿಟಲ್ ಪ್ರಿನ್ಸ್’ ಪುಸ್ತಕದ ಭಾಗಗಳನ್ನು ಎರಡೂ ಭಾಷೆಯಲ್ಲಿ ಕೇಳಿಸಿದರು. ಪ್ರತಿ ನಾಯಿಗೂ ಅದರಲ್ಲಿ ಒಂದು ಭಾಷೆ ಮನೆಯದು, ಇನ್ನೊಂದು ಅಪರಿಚಿತ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಗೊತ್ತಿರುವ ಭಾಷೆಗೂ ಗೊತ್ತಿಲ್ಲದ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆ ರೀತಿ ಸ್ಪಂದಿಸುತ್ತದೆ. ನಾಯಿಗೆ ವಯಸ್ಸಾದಷ್ಟೂ ಆ ವ್ಯತ್ಯಾಸ ಸ್ಪಷ್ಟ. ಅಂದರೆ ನಾವು ಆಡುತ್ತಾ ಹೋದ ವರ್ಷಗಳೆಲ್ಲ ಅದರ ಕಿವಿಯಲ್ಲಿ ಜಮೆಯಾಗುತ್ತವೆ.

ಪುಸ್ತಕದ ಕಥೆ ಆ ನಾಯಿಗಳಿಗೆ ತಿಳಿಯಿತೇ? ಇಲ್ಲ. ‘ನಾಳೆ ಬೆಳಗಾವಿಗೆ ಹೋಗಿ ಬರ್ತೇನಿ, ನೀ ಸುಮ್ನಿರು’ ಅನ್ನುವ ವಾಕ್ಯ ಮೋತಿಗೆ ತಿಳಿಯುತ್ತದೆ ಅಂತ ನಾನು ಹೇಳಲಾರೆ. ನಾಳೆ ಅನ್ನುವುದು ಅದಕ್ಕಿಲ್ಲ. ನಾನು ಚೀಲ ತೆಗೆದದ್ದು, ಬೂಟು ಹಾಕಿದ್ದು, ದನಿ ತಗ್ಗಿಸಿದ್ದು ಅದಕ್ಕೆ ತಿಳಿಯುತ್ತದೆ. ಆದರೆ ಇದು ಮನೆಯ ಮಾತು, ಅದು ಹೊರಗಿನ ಮಾತು ಅನ್ನುವುದು ತಿಳಿಯುತ್ತದೆ. ಅರ್ಥ ಬರುವ ಮೊದಲೇ ಭಾಷೆ ಪರಿಚಯವಾಗುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ. ಅಪ್ಪ ಇಚಲಕರಂಜಿಯ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದಾಗ ನನ್ನನ್ನು ಒಂದು ವರ್ಷ ಅಲ್ಲಿನ ಮರಾಠಿ ಶಾಲೆಗೆ ಹಾಕಿದ್ದರು. ಮೊದಲ ದಿನ ಗುರುಜಿ ‘ಬಸಾ’ ಅಂದರು. ಎಲ್ಲರೂ ಕೂತರು. ನಾನು ಬಸ್ಸು ಬಂತು ಅಂದುಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದೆ. ಮತ್ತೊಮ್ಮೆ ‘ಬಸಾ’ ಅಂದರು, ಈ ಸಲ ಗಡುಸಾಗಿ. ಮೂರನೇ ಸಲಕ್ಕೆ ಮಾತಿರಲಿಲ್ಲ, ಬೆತ್ತವಿತ್ತು. ಅಂಗೈಯ ಉರಿ ಮಧ್ಯಾಹ್ನಕ್ಕೆ ಇಳಿಯಿತು. ಮೊಂಡ ಅನ್ನುವ ಹೆಸರು ಬಹಳ ದಿನ ಉಳಿಯಿತು. ಆ ಒಂದೆರಡು ತಿಂಗಳು ನಾನು ತರಗತಿಯಲ್ಲಿ ಮಾಡಿದ್ದು ಒಂದೇ ಕೆಲಸ: ಗುರುಜಿಯ ಮುಖ ನೋಡುವುದು, ಕೈ ನೋಡುವುದು, ಮತ್ತೆ ಮುಖ ನೋಡುವುದು. ಅವ್ವನ ರೊಟ್ಟಿಯ ಮುಂದೆ ನಿಂತ ಮೋತಿಯನ್ನು ನೋಡಿದಾಗ ನನ್ನ ಗಂಟಲು ಕಟ್ಟಿದ್ದು ಅದಕ್ಕೇ.

ಹೋದ ವರ್ಷ ಹೊಲದಲ್ಲಿ ಕಂಡದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಹೊಲದ ಬದುವಿನಾಚೆಯ ರೈತರೊಬ್ಬರು ಚಿಂಚಲಿ ಮಾಯಕ್ಕನ ಜಾತ್ರೆಯಿಂದ ಖಿಲಾರಿ ಎತ್ತು ತಂದರು. ಮಹಾರಾಷ್ಟ್ರದ ಜತ್ತ ಕಡೆಯವರು ಮಾರಿದ್ದು. ಬಿಳಿ ಮೈ, ನೆಟ್ಟಗಿನ ಕೋಡು, ನೋಡಿದರೆ ಕಣ್ಣು ತುಂಬುವ ಎತ್ತು. ‘ನಡಿ’ ಅಂದರೆ ನಿಲ್ಲುತ್ತಿತ್ತು. ‘ನಿಂದ್ರು’ ಅಂದರೆ ಎಳೆಯುತ್ತಿತ್ತು. ಬಾರಕೋಲು ಬೀಳುತ್ತಾ ಹೋಯಿತು. ಮೂರನೇ ದಿನ ನಾನು ಹತ್ತಿರ ಹೋದಾಗ ಎತ್ತಿನ ಬೆನ್ನ ಮೇಲೆ ನಾಲ್ಕು ಗೆರೆ ಎದ್ದಿದ್ದವು, ಒಂದರ ಮೇಲೆ ನೊಣ ಕೂತಿದ್ದವು. ಕೈ ತಾಗುವ ಮೊದಲೇ ಚರ್ಮ ನಡುಗಿತು. ‘ಜತ್ತದ ಎತ್ತು ಅಂತೀರಿ, ಮರಾಠಿಯಾಗ ಹೇಳಿ ನೋಡ್ರಿ’ ಅಂದೆ. ಅವರಿಗೂ ಮರಾಠಿ ಬರುತ್ತದೆ, ಸಂತೆಯಲ್ಲಿ ದಿನಾ ಆಡುತ್ತಾರೆ. ಎತ್ತಿನ ಜೊತೆ ಆಡಬೇಕು ಅಂತ ಹೊಳೆದಿರಲಿಲ್ಲ. ‘ಚಲ್’ ಅಂದರು. ಎತ್ತಿನ ಕಿವಿ ಹಿಂದಕ್ಕೆ ತಿರುಗಿತು. ಕಾಲು ಮಾತ್ರ ಎತ್ತಲಿಲ್ಲ, ಏಟಿನ ಭಯ ಇನ್ನೂ ಇತ್ತು. ಸ್ವಲ್ಪ ತಡೆದು, ದನಿ ಇಳಿಸಿ, ಮತ್ತೆ ‘ಚಲ್ ರೇ ರಾಜಾ’ ಅಂದಾಗ ಹೆಜ್ಜೆ ಇಟ್ಟಿತು. ‘ಥಾಂಬ್’ ಅಂದಾಗ ನಿಂತಿತು. ಆ ರೈತರು ನೊಗದ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಮೊದಲು ‘ಚಲ್’, ಬೆನ್ನಿಗೇ ‘ನಡಿ’. ಮೊದಲು ‘ಥಾಂಬ್’, ಬೆನ್ನಿಗೇ ‘ನಿಂದ್ರು’. ಮುಂಗಾರು ಬಿತ್ತನೆ ಹೊತ್ತಿಗೆ ಎರಡನೆಯದೊಂದೇ ಸಾಕಾಗುತ್ತಿತ್ತು. ಬೆನ್ನ ಗೆರೆಗಳಲ್ಲಿ ಎರಡು ಮಾಯ್ದಿವೆ, ಎರಡರ ಗುರುತು ಹಾಗೇ ಇದೆ.

ಬೆಂಗಳೂರಿಗೆ ಹೋದಾಗ ಇನ್ನೊಂದು ನೋಡುತ್ತೇನೆ. ಮನೆಯವರೆಲ್ಲ ಕನ್ನಡ ಆಡುತ್ತಾರೆ, ನಾಯಿಯ ಕಡೆ ತಿರುಗಿದ ಕೂಡಲೇ ಇಂಗ್ಲಿಷು. ನಾಯಿಗೆ ಅದರಿಂದ ಹೆಚ್ಚು ತಿಳಿಯುವುದಿಲ್ಲ. ದಿನಾ ಯಾವ ಮಾತು ಕಿವಿಗೆ ಬೀಳುತ್ತದೋ ಅದೇ ಅದರ ಮಾತು. ‘ಬಾ’ ಅನ್ನುವುದು ‘ಕಮ್’ ಅನ್ನುವಷ್ಟೇ ಚಿಕ್ಕ ಪದ, ಬಾಯಿ ತುಂಬಾ ಕರೆಯಬಹುದು.

ಬರುವ ಭಾರತ ಹುಣ್ಣಿಮೆಗೆ ಚಿಂಚಲಿ ಜಾತ್ರೆಗೆ ಹೋಗುವವರಲ್ಲಿ ನನ್ನದೊಂದು ಕೇಳಿಕೆ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ, ರೇಟು ಕುದುರಿಸಿ. ಹಗ್ಗ ಕೈಗೆ ಬಂದ ಮೇಲೆ ಮಾರಿದವರನ್ನು ಎರಡು ಮಾತು ಕೇಳಿಕೊಂಡು ಬನ್ನಿ: ಇದನ್ನ ಏನಂತ ಕರೀತಿದ್ರಿ, ನಡಿ ಅನ್ನಾಕ ಏನಂತಿದ್ರಿ?