ಕಾರಿಗೆ ಕ್ಲೇ: ಕೈಯೋ, ಮಷಿನ್ನೋ?

ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಸುದ್ದಿಗಾಗಿ ಓಡಾಡಿ ನಮ್ಮ ಹಳೇ ಕಡುನೀಲಿ ಕಾರಿನ ಮೈ ತರಿತರಿಯಾಗಿತ್ತು. ತೊಳೆದರೂ ಬಣ್ಣಕ್ಕೆ ಕಚ್ಚಿದ ಧೂಳು ಬಿಡಲಿಲ್ಲ. ಅದನ್ನು ಎತ್ತಲು ಕ್ಲೇ ಎಂಬ ಜೇಡಿಯಂಥ ಉಂಡೆ ಸಿಗುತ್ತದೆ.

ಮಗಳ ಫೀಸಿಗೆ ಕಾರು ಮಾರಬೇಕಿತ್ತು. ವಾಟರ್ ಸರ್ವಿಸ್‌ನವರು ಪಾಲಿಶ್ ಮಷಿನ್‌ಗೆ ಕ್ಲೇ ಪ್ಯಾಡ್ ಸಿಕ್ಕಿಸಿ, ಹತ್ತೇ ನಿಮಿಷದಲ್ಲಿ ಬಾನೆಟ್ ನುಣುಪು ಮಾಡಿದರು. ಬಿಸಿಲಿಗೆ ತಂದು ನೋಡಿದರೆ ಸುತ್ತಲೂ ಸಣ್ಣ ಗೀರು! ಪ್ಯಾಡಿಗೆ ಸಿಕ್ಕ ಮರಳಿನ ಕಣ ಮಷಿನ್‌ಗೆ ಗೊತ್ತಾಗಲಿಲ್ಲ. ಅವಸರ ನಮ್ಮದೇ.

ಉಳಿದದ್ದನ್ನು ನೆರಳಲ್ಲಿ ನಾವೇ ಕೈಯಿಂದ ಮಾಡಿದೆವು. ಶಾಂಪೂ ನೀರು ಧಾರಾಳ ಹಾಕಿ, ಒತ್ತದೆ, ನೇರವಾಗಿ ಎಳೆದೆವು. ಕಣ ತಡೆದರೆ ಬೆರಳಿಗೇ ತಿಳಿಯುತ್ತದೆ. ಕೂಡಲೇ ನಿಲ್ಲಿಸಿ ಕ್ಲೇ ಮಡಚಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಟ್ಟೆವು. ಅರ್ಧ ದಿನ ಹಿಡಿಯಿತು, ಭುಜ ನೋಯಿತು. ಕೊನೆಗೆ ವ್ಯಾಕ್ಸ್ ಹಚ್ಚಿದೆವು.

ಕೊಳ್ಳಲು ಬಂದವರು ಬಾಗಿಲು ಸವರಿ ಮೆಚ್ಚಿದರು, ಬಾನೆಟ್ ತೋರಿಸಿ ರೇಟು ಇಳಿಸಿದರು. ಮಷಿನ್ ಬೇಡವೆಂದಲ್ಲ. ದಿನಕ್ಕೆ ನಾಲ್ಕು ಗಾಡಿ ಮಾಡುವವರಿಗೆ ಬೇಕೇ ಬೇಕು. ಸ್ಪೀಡು ಕಡಿಮೆಯಿಟ್ಟು, ಪ್ಯಾಡ್ ಆಗಾಗ ತೊಳೆಯಲಿ. ಮನೆಯ ಒಂದೇ ಕಾರಿಗೆ ಕೈಯೇ ಸಾಕು.