ಗಜ್ಜುಗ ಹಿಡಿದ ಕೈ

ಕನ್ನಡದ ಗಜ್ಜುಗವನ್ನು ಮರಾಠಿಯಲ್ಲಿ ಸಾಗರಗೋಟಾ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಈ ಎರಡು ಹೆಸರುಗಳೂ ಬಾಲ್ಯದವು. ಕಳರ್ಚಿಕ್ಕಾಯಿ ಎಂಬ ತಮಿಳು ಹೆಸರು ದೊರೆತದ್ದು ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ. ಆಡಳಿತದ ಭಾಷೆ ತಮಿಳಾಗಿ, ಮನೆಮಾತು ಬಹುಮಟ್ಟಿಗೆ ಕನ್ನಡವಾಗಿರುವ ಆ ಊರುಗಳಿಗೆ ಹಳೆಯ ಆಟಗಳ ಪದಗಳನ್ನು ಸಂಗ್ರಹಿಸಲು ವಿದ್ಯಾರ್ಥಿಗಳೊಡನೆ ಹೋಗಿದ್ದೆ.

ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಕಲ್ಲಾಟದ ಮಾತುಗಳನ್ನು ಹೇಳುತ್ತಿದ್ದರು. ಪಕ್ಕದಲ್ಲಿ ಆಟಿಸಂ ಇರುವ ಎಂಟೊಂಬತ್ತು ವರ್ಷದ ಮೊಮ್ಮಗ. ಮುಳ್ಳುಗಾಯಿಯಿಂದ ಬಿಡಿಸಿದ, ಗೋಲಿಯ ಗಾತ್ರದ ಎರಡು ಬೂದುಬಣ್ಣದ ಗಜ್ಜುಗಗಳನ್ನು ಅವನು ಅಂಗೈಯಲ್ಲಿ ಒಂದರ ಸುತ್ತ ಒಂದನ್ನು ಉರುಳಿಸುತ್ತಿದ್ದ. “ಇವ್ನ ಕೈ ಸುಮ್ಕಿರಾದೇ ಇಲ್ಲ ಮೇಷ್ಟ್ರೇ. ಇದ ಕೊಟ್ರ ಕುಂತ್ಕಂಡು ಹೇಳದ ಕೇಳ್ತಾನ” ಎಂದರು ಅಜ್ಜಿ. ಶಾಲೆಯಲ್ಲಿ ಆಟದ ಸಾಮಾನೆಂದು ಅದನ್ನು ಕಿತ್ತಿಟ್ಟುಕೊಂಡರಂತೆ; ಅಂದಿನಿಂದ ತರಗತಿಯಲ್ಲಿ ಹುಡುಗ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಾನೆ.

ಕೈಗೆ ಒಂದು ಕೆಲಸ ಕೊಟ್ಟರೆ ಕೆಲವರ ಕಿವಿ ತೆರೆಯುತ್ತದೆ. ಜಪಮಣಿ ಎಣಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರಲ್ಲಿ ಲೋಕವೆಲ್ಲ ತಿರುಗಿಸಿದ ಫಿಡ್ಜೆಟ್ ಸ್ಪಿನ್ನರ್ ಈ ಹೆಸರಿನಲ್ಲೇ ಮಾರಾಟವಾಯಿತು. ಆದರೆ ತಿರುಗುವ ವಸ್ತು ಕಣ್ಣನ್ನು ಸೆಳೆಯುತ್ತದೆ, ಕಣ್ಣು ಹೋದತ್ತ ಮನಸ್ಸೂ ಹೋಗುತ್ತದೆ. ಗಜ್ಜುಗವನ್ನು ನೋಡಬೇಕಾಗಿಲ್ಲ, ಅದು ಬೆರಳಿಗಷ್ಟೇ ತಿಳಿದರೆ ಸಾಕು. ಆ ಆಟಿಕೆಗಿಂತ ಇದೇ ಮೇಲೆಂಬುದು ನನ್ನ ಎಣಿಕೆ. ತಣ್ಣಗೆ, ನುಣುಪಾಗಿ, ಸದ್ದಿಲ್ಲದೆ ಅದು ಮುಷ್ಟಿಯಲ್ಲಿ ಅಡಗುತ್ತದೆ. (ಕಲ್ಲಿಗೆ ಉಜ್ಜಿ ಬಿಸಿಮಾಡಿ ಗೆಳೆಯರ ತೋಳಿಗೆ ಮುಟ್ಟಿಸುವ ಅದರ ಇನ್ನೊಂದು ಉಪಯೋಗವನ್ನು ಓದುಗರು ಮರೆತಿರಲಾರರು.)

ಅಜ್ಜಿ ಹೇಳಿದ ಆಟವನ್ನೇ ನೋಡಿ. ಒಂದು ಕಾಯನ್ನು ಮೇಲೆ ತೂರಿ, ಅದು ಕೆಳಗಿಳಿಯುವಷ್ಟರಲ್ಲಿ ನೆಲದ ಮೇಲಿನವನ್ನು ಬೆರಳತುದಿಯಿಂದ ಬಾಚಿ, ಅಂಗೈಗೆ ಸರಿಸಿ, ಮೇಲಿನದನ್ನೂ ಹಿಡಿಯಬೇಕು. ಬೆರಳತುದಿಯಿಂದ ಅಂಗೈಗೆ, ಅಂಗೈಯಿಂದ ಬೆರಳತುದಿಗೆ ವಸ್ತುವನ್ನು ಸಾಗಿಸುವ ಈ ಚಲನೆಯನ್ನೇ ಆಕ್ಯುಪೇಷನಲ್ ಥೆರಪಿಯವರು ಬೆರಳಿನ ಹಿಡಿತ ಸಾಲದ ಮಕ್ಕಳಿಗೆ ಕಲಿಸುತ್ತಾರೆ. ಗುಂಡಿ ಹಾಕುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಅದು ಬೇಕು. ರಬ್ಬರಿನ ಗುಳ್ಳೆಗಳನ್ನು ಒತ್ತುವ ಪಾಪ್-ಇಟ್ ಎಂಬ ಆಟಿಕೆ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಹಿದುಕಿದ ಅವರೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುವ ಸುಖ ಅದಕ್ಕಿಲ್ಲ. ಸಾರಂತೂ ಇಲ್ಲವೇ ಇಲ್ಲ.

ಎಲ್ಲ ಮಕ್ಕಳಿಗೂ ಗಜ್ಜುಗ ಸಲ್ಲದು. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿನ ಗಂಟಲಿಗೆ ಅದು ಅಪಾಯ. ಅಂಥವರಿಗೆ ದಪ್ಪ ಬಟ್ಟೆಯಲ್ಲಿ ರಾಗಿ ತುಂಬಿ, ಎರಡು ಸುತ್ತು ಹೊಲಿಗೆ ಹಾಕಿದ ಅಂಗೈಯಗಲದ ಚೀಲ ಒಳ್ಳೆಯದು. ಚಿಕಿತ್ಸಕರು ಹತ್ತಿರವಿದ್ದರೆ ಮಗುವಿಗೆ ಯಾವುದು ತಕ್ಕದ್ದೆಂದು ಅವರೇ ನೋಡಿ ಹೇಳುತ್ತಿದ್ದರು. ತಾಳವಾಡಿಯಿಂದಾದರೋ 27 ತಿರುವುಗಳ ದಿಂಬಂ ಘಟ್ಟವಿಳಿದು ಸತ್ಯಮಂಗಲ ದಾಟಿ ಈರೋಡಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಚಾಮರಾಜನಗರ, ಮೈಸೂರು. ಕೂಲಿ ಮಾಡುವ ಮನೆಗೆ ಪ್ರತಿ ಭೇಟಿಯೂ ಒಂದು ದಿನದ ಸಂಪಾದನೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಕಲ್ಪಿಸಬೇಕೆಂದೂ ಅದು ಹೇಳುತ್ತದೆ. ಎರಡು ಬೀಜಗಳನ್ನು ಜೇಬಿನಲ್ಲಿರಗೊಡುವುದಕ್ಕಿಂತ ಅಗ್ಗದ ಅನುಕೂಲ ಇನ್ನಾವುದಿದೆ? ನಮ್ಮ ವಿದ್ಯಾರ್ಥಿಗಳು ಅಜ್ಜಿಯ ಹೆಸರಿನಲ್ಲಿ ಕನ್ನಡದಲ್ಲೊಂದು, ತಮಿಳಿನಲ್ಲೊಂದು ಅರ್ಜಿ ಬರೆದುಕೊಟ್ಟರು. ಅಜ್ಜಿ ಎರಡಕ್ಕೂ ಹೆಬ್ಬೆಟ್ಟೊತ್ತಿದರು. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ.